ಸಾಲು ಸಾಲಾಗಿ ಹೋದ ದಾರಿ

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎನ್ನುವುದರಲ್ಲಿ ನಮ್ಮ ಕಡೆ ಯಾರಿಗೂ ಎರಡು ಮಾತಿಲ್ಲ. ನನ್ನ ಬೀಗತಿ ಗುಲಾಬಬಿಗೂ ಇರಲಿಲ್ಲ, ನಮ್ಮ ಮನೆಯ ದಾರಿಯಲ್ಲಿ ಅವರ ಒಂದು ಚಪ್ಪಲಿ ಹೂತುಹೋಗುವವರೆಗೆ.

ಜೂನ್ ತಿಂಗಳ ಮೊದಲ ಮಳೆ ಬಿದ್ದ ಮೂರನೆಯ ದಿನ ಅವರು ಹಮ್ಮಿಗಿಯಿಂದ ಬಂದಿದ್ದರು. ಬಸುರಿಯಾಗಿದ್ದ ನನ್ನ ಮಗಳು ಫರ್ಹಾನಾಳನ್ನು ಏಳನೇ ತಿಂಗಳಲ್ಲಿ ಕರೆತರಲು ಒಂದು ದಿನ ಗೊತ್ತುಮಾಡುವುದಷ್ಟೇ ಇದ್ದ ಕೆಲಸ. ನಮ್ಮ ಮನೆ ಊರೊಳಗಿಲ್ಲ, ಶಿಗ್ಲಿ ಕಡೆಯ ಹೊಲದಲ್ಲಿದೆ. ಡಾಂಬರು ರಸ್ತೆಯಿಂದ ಇಳಿದು ಒಂದೂವರೆ ಕಿಲೋಮೀಟರು ಎರೆಮಣ್ಣಿನ ಬದುವಿನ ಮೇಲೆ ನಡೆಯಬೇಕು. ಎರೆಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಅಂಟು. ಬೀಗತಿ ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಕಾಲಲ್ಲಿ ಎರಡು ಸೇರು ಮಣ್ಣು ಮೆಟ್ಟಿಕೊಂಡು ನಮ್ಮ ಅಂಗಳಕ್ಕೆ ಬಂದರು. ಕಾಲು ತೊಳೆಯಲು ಮೂರು ಕೊಡ ನೀರು ಬೇಕಾಯಿತು. ಚಹಾ ಕುಡಿದ ಮೇಲೆ ಬಹಳ ಸಮಾಧಾನದಿಂದ ಹೇಳಿದರು.

"ಜನ್ನತಬಿ, ನಿಮ್ಮ ಮ್ಯಾಲೆ ನನಗೇನೂ ಸಿಟ್ಟಿಲ್ಲ. ನಿಮ್ಮ ಬಾಗಲಿಗೆ ನೂರಾಎಂಟರ ಗಾಡಿ ಬರತೈತಿ ಅನ್ನೂದನ್ನ ತೋರಸ್ರಿ, ಅವತ್ತ ಸೊಸಿನ್ನ ಕಳಸ್ತೀನಿ. ಇಲ್ಲಾಂದ್ರ ಬಾಣಂತನ ಹಮ್ಮಿಗ್ಯಾಗ."

ಅವರು ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟಾಗಿ ಹಗುರಾಗುತ್ತಿದ್ದೆ. ಹೇಳಿದ್ದು ಖರೆಯೇ ಆಗಿತ್ತು. ಹೆರಿಗೆ ಸೆಪ್ಟೆಂಬರಿನ ಎರಡನೆಯ ವಾರಕ್ಕೆ ಎಂದು ಡಾಕ್ಟರು ಹೇಳಿದ್ದರು. ಅದು ಮಳೆಯ ಕಾಲ. ನಮ್ಮ ಬದುವಿನ ಮೇಲೆ ಆಗ ಕಪ್ಪೆಯೂ ಯೋಚನೆ ಮಾಡಿ ಹಾರುತ್ತದೆ.

ಹಿಂದೆ ಅಲ್ಲಿ ಬಂಡಿದಾರಿ ಇತ್ತಂತೆ. ನನ್ನ ಅತ್ತೆ ರಹಿಮತಬಿ ಮದುವಣಗಿತ್ತಿಯಾಗಿ ಬಂದಾಗ ಎದುರಿನಿಂದ ಮೇವಿನ ಬಂಡಿ ಬಂತಂತೆ. ಎರಡೂ ಬಂಡಿ ಒಂದಕ್ಕೊಂದು ತಾಕದೆ ದಾಟಿದವಂತೆ. ಆ ದಾರಿ ಎಲ್ಲಿ ಹೋಯಿತು ಎಂದು ಕೇಳಿದರೆ ಊರಲ್ಲಿ ಯಾರೂ ಕದ್ದಿಲ್ಲ. ನಮ್ಮಲ್ಲಿ ದಾರಿ ಕದಿಯುವ ರೂಢಿಯೇ ಇಲ್ಲ. ಬಿತ್ತುವ ಕಾಲಕ್ಕೆ ರಂಟೆ ತಿರುಗಿಸುವಾಗ ದಾರಿಯ ಕಡೆಗೆ ಒಂದು ಸಾಲು ಹೆಚ್ಚು ಬೀಳುತ್ತದೆ, ಅಷ್ಟೇ. ಎತ್ತು ಹೊರಳುವುದಕ್ಕೆ ಜಾಗ ಬೇಕಲ್ಲ. ಮುಂದಿನ ವರ್ಷ ಆ ಸಾಲೇ ಹೊಲದ ಅಂಚಾಗುತ್ತದೆ, ಕೆಲವು ವರ್ಷಕ್ಕೆ ಮತ್ತೆ ಎತ್ತು ಹೊರಳಬೇಕಾಗುತ್ತದೆ. ಈಗ ಟ್ರ್ಯಾಕ್ಟರು ಬಂದಿದೆ, ಅದಕ್ಕೆ ಹೊರಳಲು ಇನ್ನೂ ಹೆಚ್ಚು ಜಾಗ ಬೇಕು. ದಾರಿಯ ಎಡಕ್ಕೆ ಐದು ಹೊಲ, ಬಲಕ್ಕೆ ನಾಲ್ಕು. ಒಂಬತ್ತು ಮನೆಯವರೂ ದೇವರಿಗೆ ಹೆದರುವವರು, ನಾಲ್ಕೈದು ವರ್ಷಕ್ಕೆ ಒಂದೇ ಸಾಲು ತೆಗೆದುಕೊಂಡವರು. ಐವತ್ತು ವರ್ಷದಲ್ಲಿ ಎರಡು ಬಂಡಿಯ ದಾರಿ ಒಂದು ಹೆಜ್ಜೆಯ ಬದುವಾಯಿತು.

ಬೀಗತಿ ಹೋದ ಮೇಲೆ ನಾನು ಕೂಸಿನ ಕೌದಿಗೆ ಹಳೆಯ ಮೆತ್ತನೆಯ ಸೀರೆ ಹುಡುಕಲು ಅತ್ತೆಯ ಟ್ರಂಕು ತೆರೆದೆ. ಬಾಣಂತನ ಎಲ್ಲೇ ಆಗಲಿ, ಕೌದಿಯಂತೂ ಬೇಕು. ಸೀರೆಗಳನ್ನೆಲ್ಲ ತೆಗೆದಾಗ ಟ್ರಂಕಿನ ತಳಕ್ಕೆ ಹಾಸಿದ್ದು ಕಾಗದವಲ್ಲ ಎಂದು ಗೊತ್ತಾಯಿತು. ಬಟ್ಟೆಗೆ ಅಂಟಿಸಿದ ನಕಾಶೆ. ನನ್ನ ಮಾವ ಹರೆಯದಲ್ಲಿ ಒಂದು ಚಳಿಗಾಲ ಪೂರ್ತಿ ಸರ್ವೇದವರ ಹಿಂದೆ ಕೆಂಪು-ಬಿಳಿ ಕೋಲು ಹೊತ್ತು ತಿರುಗಿದ್ದರಂತೆ. ಹೋಗುವಾಗ ಅವರು ತಮಗೆ ಬೇಡವಾದ ಈ ಹಳೆಯ ನಕಾಶೆಯನ್ನು ಕೊಟ್ಟು ಹೋಗಿದ್ದರು. ಮಾವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬಟ್ಟೆ ಗಟ್ಟಿ ಇದೆ ಎಂಬುದಷ್ಟು ತಿಳಿದಿತ್ತು, ಹಾಗಾಗಿ ಟ್ರಂಕಿಗೆ ಹಾಸಿದರು.

ನೋಡಲು ಚೆಂದವಿತ್ತು. ಹಾಲು ಉಕ್ಕಿ ಪಾತ್ರೆಯ ಹೊರಗೆ ಇಳಿದಾಗ ಬೀಳುವಂಥ ಕಂದು ಗೆರೆಗಳು, ನೀಲಿ ಹಳ್ಳ, ಕೆಂಪು ಚುಕ್ಕೆಗಳು. ಮೂಲೆಯಲ್ಲಿ ಸ್ವಾತಂತ್ರ್ಯಕ್ಕಿಂತ ಹಿಂದಿನ ಒಂದು ಇಸವಿ. ನಾನು ಹತ್ತನೆಯ ತರಗತಿಯವರೆಗೆ ಓದಿದವಳು, ಲಕ್ಷ್ಮೇಶ್ವರ, ಶಿಗ್ಲಿ ಎಂದು ಇಂಗ್ಲಿಷಿನಲ್ಲಿ ಇದ್ದದ್ದನ್ನು ಕೂಡಿಸಿ ಓದಿದೆ. ಉಳಿದದ್ದಕ್ಕೆ ಫೋಟೋ ತೆಗೆದು ಫರ್ಹಾನಾಳಿಗೆ ಕಳಿಸಿದೆ. ಅವಳು ಗದಗಿನಲ್ಲಿ ಬಿ.ಎ. ಓದುವಾಗ ಭೂಗೋಳ ತೆಗೆದುಕೊಂಡಿದ್ದಳು. ಅದರಿಂದ ಏನು ಪ್ರಯೋಜನ ಎಂದು ಆಗ ಮನೆಯಲ್ಲಿ ಎಲ್ಲರೂ ಕೇಳಿದ್ದರು, ನಾನೂ ಕೇಳಿದ್ದೆ.

ಹತ್ತೇ ನಿಮಿಷಕ್ಕೆ ಫೋನು ಬಂತು.

"ಅವ್ವಾ, ತುಂಡು ತುಂಡಾಗಿ ಜೋಡಿ ಗೆರಿ ಹೊಂಟೈತಲ್ಲ, ಅದು ಬಂಡಿದಾರಿ. ನಮ್ಮನಿ ಇರೂ ಜಾಗಾದ ಮುಂದನ ಹಾದು ಶಿಗ್ಲಿಗೆ ಹೋಗೇತಿ. ನಡುವ ಒಂದು ನೀಲಿ ಸುತ್ತ ಐತಿ ನೋಡು, ಅದು ಬಾವಿ. ಬಾವಿ ದಾರಿ ಎಡಕ್ಕ ಐತಿ."

ನಾನು ಆ ಸುತ್ತಿನ ಮೇಲೆ ಬೆರಳಿಟ್ಟುಕೊಂಡು ಕುಳಿತೆ. ಒಲೆಯ ಮೇಲೆ ಬೇಳೆ ತಳ ಹತ್ತಿತು.

ನನ್ನ ಗಂಡ ಇಸ್ಮಾಯಿಲಸಾಬರು ನಕಾಶೆಯನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ ಪಂಚಾಯ್ತಿಗೆ ಒಯ್ದರು. ನಮ್ಮ ಪಂಚಾಯ್ತಿಗೆ ಅಧ್ಯಕ್ಷೆ ಮುತ್ತವ್ವ. ಆದರೆ ಅಧ್ಯಕ್ಷತನ ಮಾಡುವುದು ಆಕೆಯ ಗಂಡ ತಿರಕಪ್ಪ. ಕುರ್ಚಿಯಲ್ಲಿ ಆತ ಕೂರುತ್ತಾನೆ, ಪಂಚಾಯ್ತಿಯ ಶಿಕ್ಕೆ, ಅಂದರೆ ಮೊಹರು, ಆತನ ಅಂಗಿಯ ಕಿಸೆಯಲ್ಲಿರುತ್ತದೆ, ಸಹಿ ಬೇಕಾದಾಗ ಕಾಗದ ಮುತ್ತವ್ವನ ಅಡುಗೆಮನೆಗೆ ಹೋಗಿ ಬರುತ್ತದೆ. ದಾರಿಯ ಎಡಕ್ಕಿರುವ ಹೊಲಗಳಲ್ಲಿ ದೊಡ್ಡದು ತಿರಕಪ್ಪನದೇ.

ಆ ದಿನ ನಡೆದದ್ದನ್ನು ಗಂಡ ಮನೆಗೆ ಬಂದು ರೊಟ್ಟಿ ಮುರಿಯುತ್ತ ಹೇಳಿದರು. ನಕಾಶೆ ಬಿಚ್ಚಿದ ಕೂಡಲೇ ಜನ ಸೇರಿದರು. ದಾರಿ ಎಲ್ಲಿದೆ ಎಂದು ಯಾರೂ ನೋಡಲಿಲ್ಲ, ಊರು ಎಲ್ಲಿದೆ ಎಂದು ನೋಡಿದರು. ಮನೆಗಳನ್ನು ತೋರಿಸುವ ಕೆಂಪು ಚುಕ್ಕೆ ನಮ್ಮ ಊರಿಗೆ ಹನ್ನೊಂದು, ಪಕ್ಕದ ಊರಿಗೆ ಹತ್ತೊಂಬತ್ತು. ಮೇಲೆ ಅಲ್ಲಿ ಸಂತೆ ನಡೆಯುವ ಗುರುತೂ ಇತ್ತು. ಇದು ಊರಿನ ಮಾನದ ಪ್ರಶ್ನೆ ಎಂದು ಒಬ್ಬರು ಎದ್ದರು. ಅಳೆಯಲು ಬಂದ ದೊರೆಗೆ ಆ ಊರಿನವರು ಕೋಳಿ ಕೊಯ್ದು ಉಣಿಸಿರಬೇಕು ಎಂದು ಇನ್ನೊಬ್ಬರು ಹೇಳಿದರು. ಅಷ್ಟರಲ್ಲಿ ಊರ ತಲೆಬಾಗಿಲ ಬಳಿ ಒಂದು ಗುರುತು ಸಿಕ್ಕಿತು. ಅದು ಹನುಮಪ್ಪನ ಗುಡಿ ಎಂದು ಒಂದು ಕಡೆಯವರು, ಈದ್ಗಾ ಎಂದು ನಮ್ಮವರು. ಅರ್ಧ ಗಂಟೆ ಎರಡೂ ಕಡೆಯವರು ಬಹಳ ಮರ್ಯಾದೆಯಿಂದ ವಾದ ಮಾಡಿದರು. ಕೊನೆಗೆ ಕನ್ನಡಕ ಇದ್ದವರೊಬ್ಬರು ಉಗುರಿನಿಂದ ಕೆರೆದು ನೋಡಿದರು. ಅದು ಟ್ರಂಕಿನ ಮೊಳೆಯ ತುಕ್ಕು.

ನಮ್ಮ ದಾರಿಯ ಮಾತು ಬಂದಾಗ ತಿರಕಪ್ಪ ನಕ್ಕನಂತೆ.

"ಇಸ್ಮಾಯಿಲಣ್ಣ, ಇದು ಬ್ರಿಟಿಷರು ಮಾಡಿದ ದಾರಿ. ಅವರು ಹೋಗುವಾಗ ದಾರೀನೂ ಹೋತು. ಈಗ ನಾವು ನಮ್ಮ ನಮ್ಮ ಹೊಲದಾಗ ಸ್ವತಂತ್ರ ಅದೀವಿ."

ಊರಿಗೆ ಇನ್ನೂ ಎಂಟು ಚುಕ್ಕೆ ಸೇರಿಸಬೇಕೆಂದು ಸರ್ಕಾರಕ್ಕೆ ಬರೆಯುವುದು ಎಂದು ಠರಾವಾಯಿತು. ದಾರಿಯ ವಿಷಯ ಮುಂದಿನ ಸಭೆಗೆ.

ನನ್ನ ಗಂಡ ಜಗಳದ ಮನುಷ್ಯರಲ್ಲ. ಹೋಗಲಿ ಬಿಡು, ಹಮ್ಮಿಗಿಯಲ್ಲೇ ಆಗಲಿ ಎಂದರು. ಮರುದಿನ ನಾನು ಬುತ್ತಿ ಕಟ್ಟಿ, ಅದರ ಮೇಲೆ ಸರ್ವೇ ಕಚೇರಿಗೆ ನಾನೇ ಬರೆದ ಅರ್ಜಿ ಇಟ್ಟೆ. ಬುತ್ತಿ ಉಣ್ಣಬೇಕೆಂದರೆ ಮೊದಲು ಅರ್ಜಿ ತೆಗೆಯಬೇಕಿತ್ತು. ಅವರು ಹೋಗಿ ಕೊಟ್ಟು ಬಂದರು.

ಜುಲೈ ಕಳೆಯಿತು. ಏಳನೇ ತಿಂಗಳು ಕೈತಪ್ಪಿತು. ಎಂಟರಲ್ಲಿ ಬಸುರಿಯನ್ನು ಕರೆತರುವ ಪದ್ಧತಿ ನಮ್ಮಲ್ಲಿಲ್ಲ, ಒಂಬತ್ತಕ್ಕೆ ಕಾಯಬೇಕು. ಅಂದರೆ ಆಗಸ್ಟಿನ ಕೊನೆಯ ವಾರ. ನಾನು ಆಸೆ ಬಿಡಲಿಲ್ಲ ಎಂದು ಹೇಳುವುದಕ್ಕಿಂತ, ಮೊದಲೇ ಒಂದು ಕೆಲಸ ಮಾಡಿಬಿಟ್ಟಿದ್ದೆ ಎಂದು ಹೇಳಬೇಕು. ಬೇಸಿಗೆಯಲ್ಲೇ ಮನೆಯ ಮುಂದೆ ಬಾಣಂತಿಗೆಂದು ಒಂದು ಬಚ್ಚಲುಮನೆ ಕಟ್ಟಿಸಿದ್ದೆ. ಗಾಳಿ ಬೀಸದಂತೆ ನಾಲ್ಕು ಕಡೆ ಗೋಡೆ, ದೊಡ್ಡ ಹಂಡೆ, ಮಲಗಿಸಿ ಎರೆಯಲು ಚಪ್ಪಡಿ ಕಲ್ಲು. ಅದನ್ನು ಗುಡಿಸುವಾಗಲೆಲ್ಲ ನನಗೆ ಇನ್ನೂ ಹುಟ್ಟದ ಕೂಸು ಅತ್ತಂತೆ ಕೇಳುತ್ತಿತ್ತು.

ಆಗಸ್ಟಿನ ಮೊದಲ ವಾರ ಸರ್ವೇಯರ್ ಮಾಯಾ ಬಂದಳು. ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವಳಿರಬಹುದು. ಕಚೇರಿಯ ಊರ ನಕಾಶೆಯಲ್ಲಿ ದಾರಿಯ ಅಗಲ ಇತ್ತು, ಈ ತುದಿ ಆ ತುದಿ ಇತ್ತು. ಆದರೆ ಮಡಿಕೆ ಬಿದ್ದು ನಡುವಿನ ಭಾಗ ಹರಿದಿತ್ತು, ಆ ಭಾಗವೇ ನಮ್ಮದು. ನನ್ನ ಮಾವನ ನಕಾಶೆಯನ್ನು ನಮ್ಮ ಕಟ್ಟೆಯ ಮೇಲೆ ಹಾಸಿಕೊಂಡು ಅವಳು ಬಹಳ ಹೊತ್ತು ನೋಡಿದಳು. ಇದರ ಮೇಲಿಂದ ಅಡಿ ಲೆಕ್ಕ ಅಳೆಯಲು ಬರುವುದಿಲ್ಲ, ಇಷ್ಟು ಸಣ್ಣ ನಕಾಶೆಯಲ್ಲಿ ಗೆರೆಯೇ ಒಂದು ಹೊಲದಷ್ಟು ದಪ್ಪ ಎಂದು ತಿಳಿಸಿ ಹೇಳಿದಳು. ಆದರೆ ದಾರಿ ಬಾವಿಯ ಬಲಕ್ಕೆ ಹಾಯ್ದಿದೆ ಎನ್ನುವುದು ಇದರಲ್ಲಿ ಖಚಿತ. ಬಾವಿ ಸಿಕ್ಕರೆ ಎರಡೂ ತುದಿಯನ್ನು ಕೂಡಿಸಬಹುದು.

ಬಾವಿ ತಿರಕಪ್ಪನ ಹೊಲದಲ್ಲಿರಬೇಕಿತ್ತು. ಅಲ್ಲಿ ಗೋವಿನಜೋಳ ಎದೆಮಟ್ಟ ಬೆಳೆದಿತ್ತು. ಒಂಬತ್ತು ಹೊಲದವರೂ ಬಂದಿದ್ದರು. ಎಲ್ಲರೂ ಎದುರಿನವರು ಎಷ್ಟು ಒತ್ತಿದ್ದಾರೆ ಎಂದು ತೋರಿಸಲು ಬಂದಿದ್ದರು. ತಾವು ಒತ್ತಿದ್ದು ಯಾರಿಗೂ ನೆನಪಿರಲಿಲ್ಲ.

ತಿರಕಪ್ಪ ತನ್ನ ಅಜ್ಜನ ಕಾಲದಿಂದಲೂ ಈ ಹೊಲದಲ್ಲಿ ಬಾವಿ ಇಲ್ಲ ಎಂದ. ಅಜ್ಜನ ಹೆಸರು ತಂದ ಮೇಲೆ ಯಾರೂ ಎದುರಾಡಲಿಲ್ಲ. ಬಾವಿ ಇಲ್ಲವೆಂದು ಪಂಚನಾಮೆ ಬರೆಯಬೇಕು, ಅಧ್ಯಕ್ಷರ ಸಹಿ ಬೇಕು ಎಂದು ಮಾಯಾ ಹೇಳಿದಳು. ತಿರಕಪ್ಪ ಕಿಸೆಯಿಂದ ಪೆನ್ನು ತೆಗೆದ. ಅಧ್ಯಕ್ಷರು ಯಾರು ಎಂದು ಅವಳು ಕೇಳಿದಳು. ಆತ ಸ್ವಲ್ಪ ಹೊತ್ತು ಯೋಚಿಸಬೇಕಾಯಿತು.

ಮುತ್ತವ್ವನನ್ನು ಕರೆಸಿದರು. ಆಕೆ ಕೈಯ ಹಿಟ್ಟನ್ನು ಸೆರಗಿಗೆ ಒರೆಸುತ್ತ ಬಂದು, ಇಷ್ಟು ದಿನ ಅಡುಗೆಮನೆಯಲ್ಲಿ ಮಾಡುತ್ತಿದ್ದ ಸಹಿಯನ್ನು ಮೊದಲ ಸಲ ಬಯಲಲ್ಲಿ ಮಾಡಲು ಪೆನ್ನು ಹಿಡಿದಳು. ಆಮೇಲೆ, ಏನು ಬರೆದಿದ್ದೀರಿ ಓದಿರಿ ಎಂದಳು. ಮಾಯಾ ಓದಿದಳು: ಸದರಿ ಹೊಲದಲ್ಲಿ ಬಾವಿ ಇರುವುದಿಲ್ಲ, ಹಿಂದೆಯೂ ಇರಲಿಲ್ಲ.

ಮುತ್ತವ್ವ ಪೆನ್ನು ಕೆಳಗಿಟ್ಟಳು.

"ಇದಕ್ಕ ನಾ ಸಹಿ ಮಾಡಂಗಿಲ್ರಿ ಬಾಯಾರ. ಪ್ರತಿ ವರ್ಷ ಶೀಗಿ ಹುಣ್ಣಿವಿಗೆ ಹೊಲಕ್ಕ ಎಡಿ ಮಾಡಿ ಚರಗ ಚೆಲ್ಲಿದ ಮ್ಯಾಲೆ, ನಮ್ಮತ್ತಿ ತೋರಿಸಿಕೊಟ್ಟ ಕುಣ್ಯಾಗ ಬಾವಿ ಗಂಗವ್ವಗ ಉಡಿ ತುಂಬತೀನಿ. ಇಪ್ಪತ್ತೆರಡು ವರ್ಷ ಆತು. ಬಾವಿ ಇರಲಿಲ್ಲಂದ್ರ ಅಷ್ಟೂ ಉಡಿ ಯಾರಿಗೆ ತುಂಬಿದೆ?"

"ಏ, ಸುಮ್ನಿರು, ಅದು ಪದ್ಧತಿ," ಎಂದ ತಿರಕಪ್ಪ.

"ಪದ್ಧತಿ ಅಂತ ನಾನೂ ಅಂತೀನಿ. ದೇವರಿಗೆ ಒಂದು, ಕಾಗದಕ್ಕ ಒಂದು ಹೇಳಾಕ ನನಗ ಬರಂಗಿಲ್ಲ. ನಿಮ್ಮ ಸಹಿ ನಡೀತಿದ್ರ ನೀವ ಮಾಡ್ರಿ."

ಆತನ ಸಹಿ ನಡೆಯುವಂತಿರಲಿಲ್ಲ. ಆ ಶೀಗಿ ಹುಣ್ಣಿಮೆಯ ದಿನಗಳಲ್ಲಿ ನಾನೂ ಅಲ್ಲಿ ಕೂತು ಕಡಬು, ಸಜ್ಜಿರೊಟ್ಟಿ ಉಂಡವಳು. ಮುತ್ತವ್ವ ಗೋವಿನಜೋಳದ ನಡುವೆ ಹೋಗಿ ನೆಲ ಕುಸಿದಿದ್ದ ಜಾಗದಲ್ಲಿ ನಿಂತಳು. ನಾಲ್ವರು ಅಗೆದರು. ಒಂದಾಳುದ್ದ ದಂಟು, ಕಲ್ಲು, ಒಡೆದ ಬಳೆ ತೆಗೆದ ಮೇಲೆ ಕಟ್ಟಿದ ಕಲ್ಲಿನ ಅಂಚು ಸುತ್ತಿಕೊಂಡು ಬಂತು.

ಅಲ್ಲಿಂದ ಮಾಯಾ ತನ್ನ ಯಂತ್ರದ ಕಂಬ ಹಿಡಿದು ಹೆಜ್ಜೆ ಹೆಜ್ಜೆಗೂ ಸುಣ್ಣದ ಗುರುತು ಹಾಕಿಸುತ್ತ ಬಂದಳು. ತಿರಕಪ್ಪನ ಹೊಲದಲ್ಲಿ ಹತ್ತು ಸಾಲು ಹೋದವು. ಎದುರಿನವರದು ಒಂಬತ್ತು. ಉಳಿದವರದು ಆರು, ಏಳು. ಪ್ರತಿಯೊಬ್ಬರೂ ಪಕ್ಕದವರ ಸಾಲನ್ನು ಗಟ್ಟಿಯಾಗಿ ಎಣಿಸಿದರು, ತಮ್ಮದು ಬಂದಾಗ ತಂಬಾಕು ತಿಕ್ಕಿದರು. ನಮ್ಮ ಹೊಲಕ್ಕೆ ಬಂದಾಗ ನಾನು ನನ್ನ ಗಂಡನ ಮುಖ ನೋಡಿದೆ. ಅವರು ಮೋಡ ನೋಡುತ್ತಿದ್ದರು. ನಮ್ಮವು ಹನ್ನೊಂದು ಸಾಲು. ಊರಿಗೇ ಹೆಚ್ಚು.

ಆಮೇಲೆ ಸುಣ್ಣದ ಗೆರೆ ನಮ್ಮ ಅಂಗಳಕ್ಕೆ ಬಂತು. ನನ್ನ ಬಚ್ಚಲುಮನೆಯ ಈ ಗೋಡೆಯಲ್ಲಿ ಹೊಕ್ಕು ಆ ಗೋಡೆಯಲ್ಲಿ ಹೊರಬಿತ್ತು. ಹಂಡೆ, ಚಪ್ಪಡಿ ಕಲ್ಲು, ಎಲ್ಲವೂ ಬಂಡಿದಾರಿಯ ನಟ್ಟನಡುವೆ.

ತಿರಕಪ್ಪನಿಗೆ ಬೆಳಗಿನಿಂದ ಹೋಗಿದ್ದ ಜೀವ ಮರಳಿ ಬಂತು. ಆತ ಬಹಳ ಕನಿಕರದ ದನಿಯಲ್ಲಿ ಹೇಳಿದ.

"ಅಯ್ಯ, ಬಾಣಂತೀ ಬಚ್ಚಲ ಒಡಿಬಾರದು. ಅದು ಪಾಪ. ಅಕ್ಕಾರ ಬಚ್ಚಲ ಇರಲಿ. ಅವರ ಬಚ್ಚಲ ಇತ್ತಂದ್ರ ನಮ್ಮ ಬೆಳೀನೂ ಇರಲಿ. ಎಲ್ಲಾರೂ ಹೊಂದಿಕೊಂಡು ಹೋಗೂಣು."

ಉಳಿದ ಹೊಲದವರೆಲ್ಲ ತಲೆಯಾಡಿಸಿದರು. ಅಷ್ಟು ಬೇಗ ಅಷ್ಟು ಮಂದಿ ಒಂದಾದದ್ದನ್ನು ನಮ್ಮ ಊರಲ್ಲಿ ನಾನು ಆವರೆಗೆ ಕಂಡಿರಲಿಲ್ಲ. ನನ್ನ ಗಂಡನ ತಲೆಯೂ ಅರ್ಧ ಆಡಿ ನಿಂತಿತ್ತು.

ಆ ಗೋಡೆಯ ಗಿಲಾವು ನಾನೇ ಕೈಯಿಂದ ನುಣುಪು ಮಾಡಿದ್ದೆ. ಆದರೆ ಅಡುಗೆಮನೆಯ ಕೆಲಸದಲ್ಲಿ ಇಷ್ಟು ಕಲಿತಿದ್ದೇನೆ: ರೊಟ್ಟಿ ಹಂಚಿಗೆ ಅಂಟಿದಾಗ ನಿಂತು ನೋಡಿದರೆ ರೊಟ್ಟಿಯೂ ಹೋಗುತ್ತದೆ, ಹಂಚೂ ಹೋಗುತ್ತದೆ. ಒಳಗೆ ಹೋಗಿ ಗುದ್ದಲಿ ತಂದೆ. ಹಂಡೆಯನ್ನು ಉರುಳಿಸಿ ಬದಿಗಿಟ್ಟೆ. ಮೇಲಿನ ಸಾಲಿನ ಇಟ್ಟಿಗೆಗೆ ಹಾಕಿದೆ. ಒಂದು ಇಟ್ಟಿಗೆ ಬಿತ್ತು, ಎರಡು ಬಿದ್ದವು. ಮುತ್ತವ್ವ ಬಂದು ಬಿದ್ದ ಇಟ್ಟಿಗೆಯನ್ನು ಆರಿಸಿ ಒಂದರ ಮೇಲೊಂದು ಜೋಡಿಸತೊಡಗಿದಳು. ಆರನೆಯ ಇಟ್ಟಿಗೆಗೆ ನನ್ನ ಗಂಡ ಗುದ್ದಲಿ ಕಸಿದುಕೊಂಡರು.

"ಬಿಡು, ನಿನಗ ಸರಿ ಬರಂಗಿಲ್ಲ," ಎಂದರು.

ಅದು ಅವರ ತಪ್ಪೊಪ್ಪಿಗೆ. ಮದುವೆಯಾಗಿ ಮೂವತ್ತು ವರ್ಷದ ಮೇಲೆ ಅಷ್ಟು ತಿಳಿಯುತ್ತದೆ.

ಇನ್ನು ಹೊಂದಿಕೊಂಡು ಹೋಗಲು ಏನೂ ಉಳಿದಿರಲಿಲ್ಲ. ಎರಡು ದಿನದಲ್ಲಿ ಸುಣ್ಣದ ಗೆರೆಯೊಳಗಿನ ಬೆಳೆಯನ್ನೆಲ್ಲ ದನಕ್ಕೆ ಕೊಯ್ದರು. ಮುತ್ತವ್ವ ಗಂಡನ ಅಂಗಿಯನ್ನು ಒಗೆಯಲು ಹಾಕುವಾಗ ಕಿಸೆಯಿಂದ ಶಿಕ್ಕೆ ತೆಗೆದಿಟ್ಟುಕೊಂಡಳು, ಮರಳಿ ಹಾಕಲಿಲ್ಲ. ಉದ್ಯೋಗ ಖಾತ್ರಿಯಲ್ಲಿ ದಾರಿಗೆ ಗರಸು, ಅಂದರೆ ಜಲ್ಲಿಮಣ್ಣು, ಹಾಕುವ ಠರಾವಿಗೆ ತಾನೇ ಶಿಕ್ಕೆ ಒತ್ತಿದಳು. ಹೆಂಗಸರೇ ಹೆಚ್ಚಾಗಿ ಆ ಕೆಲಸಕ್ಕೆ ಬಂದೆವು. ನಮ್ಮ ಹೊಲಗಳ ಮುಂದೆ ಎಷ್ಟು ದಪ್ಪ ಗರಸು ಬಿತ್ತೆಂದರೆ, ಅದನ್ನು ಉಳಲು ಇನ್ನು ಸಬ್ಬಲು ಬೇಕು.

ಬಚ್ಚಲನ್ನು ಮನೆಯ ಹಿಂದೆ, ನಮ್ಮದೇ ಜಾಗದಲ್ಲಿ, ಅದೇ ಇಟ್ಟಿಗೆಯಿಂದ ಕಟ್ಟಿದೆವು. ಒಂದು ಗೋಡೆಗೆ ಇಟ್ಟಿಗೆ ಸಾಲಲಿಲ್ಲ, ತಟ್ಟಿ ಕಟ್ಟಿ ಸೆಗಣಿ ಸಾರಿಸಿದೆ.

ಆಗಸ್ಟಿನ ಕೊನೆಗೆ ಗುಲಾಬಬಿ ಟಂಟಂ ಆಟೋದಲ್ಲಿ ಬಂದರು. ಅಳಿಯ ಅಯ್ಯೂಬ ಮುಂದೆ ಕೂತಿದ್ದ, ಫರ್ಹಾನಾಳನ್ನು ಕರೆತಂದಿರಲಿಲ್ಲ. ಬೀಗತಿ ಡಾಂಬರಿನ ಹತ್ತಿರ ಇಳಿದು, ಹೊಸ ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ದಾರಿಯನ್ನು ಪೂರ್ತಿ ನಡೆದು ಪರೀಕ್ಷೆ ಮಾಡಿದರು. ಟಂಟಂ ಅವರ ಹಿಂದೆ ದಿಬ್ಬಣದಂತೆ ನಿಧಾನವಾಗಿ ಬಂತು. ಅಂಗಳದಲ್ಲಿ ನಿಂತು ಚಪ್ಪಲಿ ಮೆಟ್ಟಿಕೊಂಡರು, ಹಿಂದೆ ಹೋಗಿ ಬಚ್ಚಲಿನ ತಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿದರು, ಗಾಳಿ ಬರುತ್ತದೆ, ಒಳಗಿಂದ ಗೋಣಿಚೀಲ ಹೊಡೆಯಿರಿ ಎಂದರು. ಅಷ್ಟೇ. ಎರಡು ದಿನಕ್ಕೆ ಮಗಳು ಬಂದಳು. ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಹತ್ತಿತು, ಎಷ್ಟೋ ದಿನದ ಮೇಲೆ.

ಸೆಪ್ಟೆಂಬರ್ ಹನ್ನೊಂದು, ಬೆಳಿಗ್ಗೆ ಒಂಬತ್ತಕ್ಕೆ ನೋವು ಶುರುವಾಯಿತು. ಹೆಣ್ಣು ಕೂಸು ಹುಟ್ಟಿದ್ದು ಮಧ್ಯಾಹ್ನ ಎರಡಕ್ಕೆ, ಲಕ್ಷ್ಮೇಶ್ವರದಲ್ಲಿ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಅದಕ್ಕಿಂತ ಮೊದಲು ಗಾಡಿ ಬಂದದ್ದನ್ನು ಹೇಳಬೇಕು.

ಹಿಂದಿನ ದಿನ ಇಡೀ ಜಿಟಿಜಿಟಿ ಮಳೆ. ಗರಸು ತಡೆದಿತ್ತು. ನೂರಾಎಂಟಕ್ಕೆ ಫೋನು ಮಾಡಿದೆವು. ಗಾಡಿ ಇಪ್ಪತ್ತು ನಿಮಿಷಕ್ಕೆ ಡಾಂಬರಿನವರೆಗೆ ಬಂದು ನಿಂತುಬಿಟ್ಟಿತು. ಮುಂದೆ ದಾರಿಯೇ ಇಲ್ಲ ಎಂದು ಡ್ರೈವರ್ ಫೋನಿನಲ್ಲಿ ಹೇಳಿದ. ಅವನ ಮೊಬೈಲಿನ ನಕಾಶೆಯಲ್ಲಿ ಡಾಂಬರಿನ ಈಚೆಗೆ ಬರೀ ಹೊಲವಿತ್ತು. ಕಣ್ಣ ಮುಂದೆ ಗರಸು ಹಾಸಿದ ದಾರಿ ಇದ್ದರೂ ಅದು ಯಾರದೋ ಹೊಲದ ಖಾಸಗಿ ದಾರಿ ಇರಬೇಕೆಂದು ಅವನು ತಿಳಿದ. ನನ್ನ ಗಂಡ ಓಡಲು ಧೋತರ ಎತ್ತಿ ಕಟ್ಟಿದರು.

ಅವರು ಅಂಗಳ ದಾಟುವ ಮೊದಲೇ ದೂರದಲ್ಲಿ ಮೋಟರ್ ಸೈಕಲ್ಲಿನ ಹಾರ್ನು ಕೇಳಿಸಿತು. ಡಾಂಬರಿನ ಬಳಿಯ ಚಹಾದ ಅಂಗಡಿಯಲ್ಲಿ ಕೂತಿದ್ದ ತಿರಕಪ್ಪ ಡ್ರೈವರನ ಮಾತು ಕೇಳಿಸಿಕೊಂಡಿದ್ದ. ದಾರಿ ಇಲ್ಲ ಎಂದದ್ದು ಆತನಿಗೆ ಎಷ್ಟು ಸಿಟ್ಟು ಬರಿಸಿತೆಂದು ಆಮೇಲೆ ಡ್ರೈವರನೇ ಹೇಳಿದ.

"ಆ ಫೋನ್ ಕಿಸೇದಾಗ ಇಡೋ ತಮ್ಮಾ. ನಿನ್ನ ಫೋನಿಗೇನ ಗೊತ್ತು? ಬ್ರಿಟಿಷರು ಬರೆದಿಟ್ಟ ದಾರಿ ಇದು. ನಮ್ಮ ಹೊಲದ ಮುಂದನ ಹೊಂಟೈತಿ, ನಮ್ಮ ಬಾವಿ ಬಲಕ್ಕ. ನಡಿ, ನನ್ನ ಹಿಂದ ಬಾ."

ಹೀಗೆ ತಿರಕಪ್ಪ ಮುಂದೆ, ಗಾಡಿ ಹಿಂದೆ. ನಮ್ಮ ಬಾಗಿಲಿಗೆ ನೂರಾಎಂಟು ಬಂದು ನಿಂತಿತು. ಫರ್ಹಾನಾಳನ್ನು ಹತ್ತಿಸಿ ನಾನು ಪಕ್ಕದಲ್ಲಿ ಕೂತೆ. ಅತ್ತೆ ಕಿಟಕಿಯಿಂದ ಕೌದಿ ಕೊಟ್ಟರು. ಮರಳುವಾಗಲೂ ತಿರಕಪ್ಪ ಮುಂದೆಯೇ ಹೊರಟ, ದಾರಿಯಲ್ಲಿ ಒಂದು ನಾಯಿಯೂ ಇಲ್ಲದಿದ್ದರೂ ಹಾರ್ನು ಒತ್ತುತ್ತ, ಎರಡೂ ಕಡೆಯ ಹೊಲದವರಿಗೆ ಬದಿಗೆ ಸರಿಯಿರಿ ಎಂದು ಕೈ ಬೀಸುತ್ತ.

ಮಗಳು ನನ್ನ ಮಣಿಕಟ್ಟನ್ನು ಬಳೆ ಒಡೆಯುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. ಒಂದು ನೋವು ಇಳಿದು ಇನ್ನೊಂದು ಏರುವುದರ ನಡುವೆ ಕಣ್ಣು ತೆರೆದು, "ಅವ್ವಾ, ಆ ಕಾಕಾಗ ಹಾರ್ನ್ ಬಂದ್ ಮಾಡಾಕ ಹೇಳ," ಎಂದಳು.

ನಾನು ಕಿಟಕಿಯಿಂದ ಕೈ ಹೊರಗೆ ಹಾಕಿ, ಸಾಕು ಎಂದು ಸನ್ನೆ ಮಾಡಿದೆ. ಆತ ಕನ್ನಡಿಯಲ್ಲಿ ನೋಡಿದ. ಶಾಬಾಸ್ ಎನ್ನುತ್ತಿದ್ದೇನೆ ಎಂದು ತಿಳಿದನೋ ಏನೋ, ಎದೆ ಉಬ್ಬಿಸಿ ಇನ್ನಷ್ಟು ಜೋರಾಗಿ ಒತ್ತಿದ.